ಕುದಿಯುವ ಟ್ರ್ಯಾಕ್ಟರಿನ ಹೊಟ್ಟೆಯೊಳಗೆ

ಊರಿಗೆ ಹೋದಾಗ ನೀವೂ ನೋಡಿರುತ್ತೀರಿ. ಬದುವಿನ ಪಕ್ಕ ಬಾನೆಟ್ ಎತ್ತಿ ನಿಂತ ಹಳೆಯ ಟ್ರ್ಯಾಕ್ಟರ್, ಅದರ ಮೂತಿಯಿಂದ ಏಳುವ ಹಬೆ, ಕೊಡ ಹಿಡಿದು ಕಾಲುವೆಯ ಕಡೆ ಓಡುವ ಹುಡುಗ. ಯಾರನ್ನು ಕೇಳಿದರೂ ಒಂದೇ ಉತ್ತರ: "ಗಾಡಿ ಕಾದೈತ್ರೀ." ಅದು ಏಕೆ ಕಾಯುತ್ತದೆ ಎಂದು ಕೇಳಿದರೆ ಮಾತ್ರ ಊರಿನಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಉತ್ತರಗಳು. ನಾನು ಪುಣೆಯ ಭೋಸರಿಯಲ್ಲಿ ಎಂಜಿನ್ನಿನ ಬಿಡಿಭಾಗ ಕಡೆಯುವ ಕೆಲಸದಲ್ಲಿ 26 ವರ್ಷ ಕಳೆದವನು. ಊರು ಸಿಂಧನೂರು ತಾಲ್ಲೂಕು. ಕಳೆದ ಬೇಸಿಗೆಯ ರಜೆ ಪೂರ್ತಿ ತಮ್ಮನ ಹಳೆಯ ಟ್ರ್ಯಾಕ್ಟರಿನ ಮುಂದೆ ಕುಕ್ಕರುಗಾಲಲ್ಲಿ ಕಳೆಯಿತು. ಆ ನೆಪದಲ್ಲಿ ಈ ಹಳೆಯ ಯಂತ್ರಗಳು ತಣ್ಣಗಿರಲು ಏನೇನು ಪಾಡು ಪಟ್ಟಿವೆ ಎಂಬುದನ್ನು ಬರೆಯೋಣ ಅನ್ನಿಸಿತು.

ಮೊದಲು ಲೆಕ್ಕ. ಎಂಜಿನ್ನಿನಲ್ಲಿ ಸುಟ್ಟ ಡೀಸೆಲ್‌ನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಮಾತ್ರ ಗಾಲಿಗೆ, ನೇಗಿಲಿಗೆ ಹೋಗುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೊಗೆಯ ಜೊತೆ ಆಕಾಶಕ್ಕೆ. ಉಳಿದದ್ದು ಸಿಲಿಂಡರಿನ ಗೋಡೆಗೆ, ಹೆಡ್ಡಿಗೆ, ಎಣ್ಣೆಗೆ ಇಳಿಯುತ್ತದೆ; ಅದನ್ನು ಹೊರಗೆ ಹಾಕಲೇಬೇಕು. 35 ಎಚ್‌ಪಿಯ ಟ್ರ್ಯಾಕ್ಟರ್ ಪೂರ್ತಿ ಭಾರದಲ್ಲಿ ದುಡಿಯುವಾಗ ಹೀಗೆ ಹೊರಹಾಕಬೇಕಾದ ಶಾಖ 20 ಕಿಲೋವ್ಯಾಟ್‌ಗೆ ಕಡಿಮೆಯಿಲ್ಲ. ನಮ್ಮ ಫ್ಲಾಟುಗಳ ಬಚ್ಚಲಿನಲ್ಲಿರುವ 2 ಕಿಲೋವ್ಯಾಟ್ ಗೀಸರ್‌ಗಳನ್ನು ಹತ್ತು ಒಟ್ಟಿಗೆ ಹಚ್ಚಿದ ಹಾಗೆ. ಇದನ್ನು ತಣಿಸಲು ಇರುವುದು ಸುಮಾರು ಹತ್ತು ಲೀಟರ್ ನೀರು, ಒಂದು ಫ್ಯಾನು, ಹಿತ್ತಾಳೆ-ತಾಮ್ರದ ಒಂದು ಜಾಲರಿ.

ಹಳೆಯವರು ಶುರು ಮಾಡಿದ್ದು ಸುಲಭದ ದಾರಿಯಿಂದ. ಸಿಲಿಂಡರಿನ ಸುತ್ತ ನೀರಿನ ತೊಟ್ಟಿ ಕಟ್ಟಿ, ಕುದಿಯಲು ಬಿಟ್ಟುಬಿಡುವುದು. ಜರ್ಮನಿಯ ಮಾನ್‌ಹೈಮ್‌ನಲ್ಲಿ ಫ್ರಿಟ್ಸ್ ಹೂಬರ್ ರೂಪಿಸಿದ, 1921ರ ಲಾಂಜ್ ಬುಲ್‌ಡಾಗ್ ಟ್ರ್ಯಾಕ್ಟರ್ ಹೀಗೇ ಇತ್ತು: 12 ಎಚ್‌ಪಿ, ಒಂದೇ ಸಿಲಿಂಡರ್, ಮೇಲೆ ನೀರು ಸುರಿಯುವ ಬಾಯಿ. ಇದು ಪೆದ್ದು ಉಪಾಯವಲ್ಲ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 100ಕ್ಕೆ ಕಾಯಿಸಲು ಬೇಕಾದ ಶಾಖಕ್ಕಿಂತ, ಅದೇ ನೀರನ್ನು ಹಬೆ ಮಾಡಲು ಏಳು ಪಟ್ಟಿಗೂ ಹೆಚ್ಚು ಶಾಖ ಬೇಕು. ಅಂದರೆ ಕುದಿಯುವ ನೀರು ಎಂಜಿನ್ನಿನಿಂದ ಅಷ್ಟು ಶಾಖ ಹೊತ್ತುಕೊಂಡು ಹೋಗುತ್ತದೆ. ತೊಂದರೆ ಒಂದೇ, ಭಾರದಲ್ಲಿ ದುಡಿದರೆ ತಾಸಿಗೆ ಹತ್ತು ಲೀಟರಿನ ಲೆಕ್ಕದಲ್ಲಿ ನೀರು ಹಾಕುತ್ತಲೇ ಇರಬೇಕು. ಮಾನ್‌ಹೈಮಿನಲ್ಲಿ ಸರಿ, ಮಾನ್ವಿಯಲ್ಲಿ ಕಷ್ಟ.

ನಮ್ಮ ಕಡೆಯ ಹಿಟ್ಟಿನ ಗಿರಣಿಗಳಲ್ಲಿ ಇದರ ತಮ್ಮನನ್ನು ನೀವು ಕಂಡಿರಬಹುದು. ಗಿರಣಿಯ ಪಕ್ಕದಲ್ಲಿ ಒಂದು ತೊಟ್ಟಿ, ಅದಕ್ಕೆ ಎಂಜಿನ್ನಿನಿಂದ ಎರಡು ಪೈಪು. ಎಂಜಿನ್ 'ಕುಕ್ ಕುಕ್' ಎನ್ನುತ್ತಿದ್ದಷ್ಟು ಹೊತ್ತು ತೊಟ್ಟಿಯ ನೀರು ಬೆಚ್ಚಗಾಗುತ್ತಿತ್ತು. ಚಳಿಗಾಲದಲ್ಲಿ ಜೋಳ ಬೀಸಿಸಲು ಹೋದವರು ಅದರಲ್ಲೇ ಕೈಕಾಲು ತೊಳೆಯುತ್ತಿದ್ದರು. ಪುಣೆಯ ಕಿರ್ಲೋಸ್ಕರ್ ಎಂಜಿನ್ನುಗಳ ಹೆಸರು ಹೇಳದೆ ಈ ಮಾತು ಮುಗಿಯುವುದಿಲ್ಲ. ಆ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಪುಣೆಯವರಿಗೆ ಇದನ್ನು ನೆನಪಿಸುವುದು ನನ್ನ ಹಳೆಯ ಚಟ.

ತೊಟ್ಟಿಯಿಂದ ಮುಂದಿನ ಹೆಜ್ಜೆ ಥರ್ಮೋಸೈಫನ್. ಹೆಸರು ದೊಡ್ಡದು, ಸಂಗತಿ ನಿಮ್ಮ ಬೆಂಗಳೂರಿನ ನೆಂಟರ ಮಾಳಿಗೆಯ ಮೇಲೆಯೇ ಇದೆ. ಸೋಲಾರ್ ವಾಟರ್ ಹೀಟರಿನಲ್ಲಿ ಟ್ಯಾಂಕು ಮೇಲೆ, ಫಲಕ ಕೆಳಗೆ ಇರುತ್ತದಲ್ಲ? ಬಿಸಿ ನೀರು ಹಗುರ, ಮೇಲೇರುತ್ತದೆ; ತಣ್ಣೀರು ಭಾರ, ಕೆಳಗಿಳಿಯುತ್ತದೆ. ಮೋಟರ್ ಇಲ್ಲದೆ ನೀರು ಸುತ್ತುತ್ತದೆ. ಟ್ರ್ಯಾಕ್ಟರಿನಲ್ಲಿ ಫಲಕದ ಜಾಗದಲ್ಲಿ ಎಂಜಿನ್, ಟ್ಯಾಂಕಿನ ಜಾಗದಲ್ಲಿ ರೇಡಿಯೇಟರ್. 60 ಡಿಗ್ರಿಯ ನೀರಿಗೂ 90 ಡಿಗ್ರಿಯ ನೀರಿಗೂ ಲೀಟರಿಗೆ 18 ಗ್ರಾಂನಷ್ಟು ತೂಕದ ವ್ಯತ್ಯಾಸ. ಇಷ್ಟೇ ಅದರ ಪಂಪು. 1917ರಲ್ಲಿ ಹೆನ್ರಿ ಫೋರ್ಡ್ ತಂದ ಫೋರ್ಡ್‌ಸನ್ ಟ್ರ್ಯಾಕ್ಟರ್ ಈ 18 ಗ್ರಾಂ ನಂಬಿಕೊಂಡೇ ಅಮೆರಿಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಜಾನ್ ಡಿಯರ್‌ನ ಎ ಮತ್ತು ಬಿ, 1947ರಲ್ಲಿ ಬಂದ ಪುಟ್ಟ ಫಾರ್ಮಾಲ್ ಕಬ್, ಇವೂ ಇದೇ ಜಾತಿ.

ಹೀಗಾಗಿಯೇ ಆ ಕಾಲದ ಟ್ರ್ಯಾಕ್ಟರುಗಳ ರೇಡಿಯೇಟರ್ ಎತ್ತರ, ಹೋಸ್ ಪೈಪು ದಪ್ಪ, ಮೇಲಿನ ಹೋಸ್ ರೇಡಿಯೇಟರಿನ ಕಡೆಗೆ ಏರಿಕೊಂಡು ಹೋಗಿರುತ್ತದೆ. ಇವುಗಳ ಗುಟ್ಟು ಒಂದೇ: ನೀರಿನ ಮಟ್ಟ ಮೇಲಿನ ಪೈಪಿನ ಬಾಯಿಗಿಂತ ಕೆಳಗೆ ಇಳಿಯಿತೋ, ಸುತ್ತು ಕಡಿಯಿತು. ಪಂಪ್ ಇರುವ ಎಂಜಿನ್ ಒಂದೆರಡು ಲೀಟರ್ ಕಡಿಮೆಯಾದರೆ ಗೊಣಗುತ್ತಾ ಓಡೀತು; ಥರ್ಮೋಸೈಫನ್ ಎಂಜಿನ್ನಿನಲ್ಲಿ ನೀರು ಇದ್ದಲ್ಲೇ ನಿಂತು ಕುದಿಯುತ್ತದೆ.

ಇಲ್ಲಿ ಒಂದು ಅಡ್ಡಮಾತು. ಎಲ್ಲರೂ ಎಂಜಿನ್ ತಣ್ಣಗಿಡಲು ಹೆಣಗುತ್ತಿದ್ದಾಗ ಅಮೆರಿಕದ ಇಂಡಿಯಾನಾದ ರೂಮ್ಲಿ ಕಂಪನಿ ಎಂಜಿನ್ ಬಿಸಿಯಾಗಿಡಲು ಹೆಣಗುತ್ತಿತ್ತು. 1910ರಲ್ಲಿ ಬಂದ ಅವರ ಆಯಿಲ್‌ಪುಲ್ ಟ್ರ್ಯಾಕ್ಟರ್ ಕುಡಿಯುತ್ತಿದ್ದುದು ಸೀಮೆಎಣ್ಣೆ. ಎಂಜಿನ್ ಚೆನ್ನಾಗಿ ಕಾದಿರದಿದ್ದರೆ ಸೀಮೆಎಣ್ಣೆ ಸರಿಯಾಗಿ ಉರಿಯದು. ಅದಕ್ಕೆ ಅವರು ನೀರನ್ನೇ ಕೈಬಿಟ್ಟು ರೇಡಿಯೇಟರಿಗೆ ಎಣ್ಣೆ ತುಂಬಿದರು. ಎಣ್ಣೆ ನೂರು ಡಿಗ್ರಿಗೆ ಕುದಿಯದು, ಡಕೋಟಾದ ಚಳಿಯಲ್ಲಿ ಮಂಜುಗಟ್ಟಿ ಬ್ಲಾಕನ್ನು ಸೀಳುವುದೂ ಇಲ್ಲ. ಮುಂದುಗಡೆ ಚೌಕನೆಯ ಗೋಪುರ, ಅದರೊಳಗೆ ಹೊಗೆಯನ್ನು ಮೇಲಕ್ಕೆ ಊದಿದರೆ ಅದೇ ರಭಸಕ್ಕೆ ಕೆಳಗಿನಿಂದ ತಣ್ಣನೆ ಗಾಳಿ ಒಳಗೆ ಬರುತ್ತದೆ, ಫ್ಯಾನೂ ಬೇಡ. ಹೆಚ್ಚು ಭಾರ ಎಳೆದಷ್ಟೂ ಹೆಚ್ಚು ಹೊಗೆ, ಹೆಚ್ಚು ಗಾಳಿ. ನಾನು ಕಂಡ ಹಳೆಯ ಯಂತ್ರಶಿಲ್ಪದಲ್ಲಿ ಇಷ್ಟು ಜಾಣತನದ್ದು ಕಡಿಮೆ. ಚಿತ್ರದಲ್ಲಷ್ಟೇ ಕಂಡದ್ದು ಎನ್ನುವುದೇ ಬೇಸರ.

ನಮ್ಮ ಹೊಲಗಳಿಗೆ ಬಂದದ್ದು ಇವಾವುವೂ ಅಲ್ಲ, ಇವುಗಳ ಮೊಮ್ಮಕ್ಕಳು. 1959ರ ಏಪ್ರಿಲಿನಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ದೇಶದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರ್ ಹೊರಬಿತ್ತು. 1960ರಲ್ಲಿ ಮದರಾಸಿನಲ್ಲಿ ಟಾಫೆ, ಅದರಿಂದ ಮ್ಯಾಸಿ ಫರ್ಗ್ಯೂಸನ್. 1963ರಲ್ಲಿ ಮುಂಬಯಿಯ ಕಾಂದಿವಲಿಯಲ್ಲಿ ಮಹೀಂದ್ರರ ಪಾಲುದಾರಿಕೆಯ ಇಂಟರ್‌ನ್ಯಾಷನಲ್ ಬಿ-275. 1971ರಲ್ಲಿ ಪಿಂಜೋರಿನಿಂದ ಎಚ್‌ಎಂಟಿ ಜೀಟರ್ 2511. ಕೈಗಡಿಯಾರ ಕೊಟ್ಟ ನಮ್ಮ ಬೆಂಗಳೂರಿನ ಎಚ್‌ಎಂಟಿಯೇ. ಕಾಂದಿವಲಿಯಲ್ಲೋ ಚೆನ್ನೈನ ಸೆಂಬಿಯಂನಲ್ಲೋ ಇರುವ ಓದುಗರು ತಮ್ಮ ಅಜ್ಜನ ಹೊಲ ಉತ್ತ ಯಂತ್ರದ ತವರಿನ ಪಕ್ಕದಲ್ಲೇ ದಿನವೂ ಓಡಾಡುತ್ತಿರಬಹುದು.

ಇವುಗಳಲ್ಲಿ ಐಷರಿನದು ಬೇರೆಯೇ ದಾರಿ. ಜರ್ಮನಿಯ ಐಷರ್ ಸೋದರರ ಎಂಜಿನ್ನಿನಂತೆ ಇಲ್ಲಿನದೂ ಗಾಳಿಯಿಂದ ತಣಿಯುವಂಥದ್ದು. ರೇಡಿಯೇಟರಿಲ್ಲ, ಹೋಸಿಲ್ಲ, ನೀರಿಲ್ಲ. ಸಿಲಿಂಡರಿನ ಮೈತುಂಬ ತೆಳು ರೆಕ್ಕೆ, ಅವುಗಳ ಮೇಲೆ ಬ್ಲೋವರಿನ ಗಾಳಿ. ಒಂದೇ ಗಾತ್ರದ ನೀರು ಗಾಳಿಗಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹೊರುತ್ತದೆ, ಆದ್ದರಿಂದ ಗಾಳಿ ಬಹಳ ಬೇಕು, ಸದ್ದೂ ಬಹಳ. ಆದರೆ ನೀರೇ ಇಲ್ಲದ ಹೊಲದಲ್ಲಿ ನೀರು ಬೇಡದ ಎಂಜಿನ್ನಿಗಿಂತ ದೊಡ್ಡ ವರ ಯಾವುದು? ರೆಕ್ಕೆಗಳ ನಡುವೆ ಎಣ್ಣೆ, ಹೊಟ್ಟು ಸೇರಿ ಗಾರೆಯಂತೆ ಗಟ್ಟಿಯಾಗದ ಹಾಗೆ ನೋಡಿಕೊಂಡರೆ ಮುಗಿಯಿತು.

ಉಳಿದವೆಲ್ಲ ನೀರಿನವು, ಪಂಪಿನವು. ಬೆಲ್ಟು ತಿರುಗಿಸುವ ಪಂಪು, ಅದೇ ದಂಡಕ್ಕೆ ಫ್ಯಾನು. ಹೆಡ್ಡಿನಿಂದ ನೀರು ಹೊರಬೀಳುವ ಕಡೆ ಥರ್ಮೋಸ್ಟಾಟ್. ಒಳಗಿನ ಮೇಣ 80 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ನೀರು ಎಂಜಿನ್ನಿನೊಳಗೇ ಸುತ್ತಿ ಬೇಗ ಬೆಚ್ಚಗಾಗಲಿ ಎಂದು. ಮೇಲೆ ಒತ್ತಡದ ಕ್ಯಾಪು, ಅದರ ತಲೆಯ ಮೇಲೆ 4 ಅಥವಾ 7 ಎಂಬ ಅಂಕಿ. ಪ್ರೆಶರ್ ಕುಕ್ಕರಿನ ಲೆಕ್ಕವೇ ಇದು: 7 ಪೌಂಡಿನ ಕ್ಯಾಪು ಬಿಗಿಯಾಗಿದ್ದರೆ ನೀರು 100ರ ಬದಲು 111 ಡಿಗ್ರಿಗೆ ಕುದಿಯುತ್ತದೆ.

ಈಗ ತಮ್ಮನ ಟ್ರ್ಯಾಕ್ಟರು. ಮೂರು ಸಿಲಿಂಡರು, ವಯಸ್ಸು ಮೂವತ್ತು ದಾಟಿದೆ. ಕಂಪನಿಯ ಹೆಸರು ಬೇಡ, ಅದರ ತಪ್ಪೇನೂ ಇಲ್ಲ. ತಮ್ಮನಿಗೆ ಇರುವ ಎರಡು ಎಕರೆಗಿಂತ ಈ ಟ್ರ್ಯಾಕ್ಟರಿನ ಬಾಡಿಗೆಯೇ ಜೀವನ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟ ಕೂಡಲೇ ಎಲ್ಲರಿಗೂ ಅದೇ ಎರಡು ಮೂರು ವಾರಗಳಲ್ಲಿ ಗದ್ದೆ ಕೆಸರು ಮಾಡಿಸಬೇಕು. ಹೋದ ವರ್ಷ ಆ ಹೊತ್ತಿನಲ್ಲೇ ಫೋನು.

"ಅಣ್ಣಾ, ಮತ್ತ ಕುದಿಯಾಕತ್ತೈತಿ ನೋಡು. ಒಂದು ತಾಸು ಹೊಡದ್ರ ಅರ್ಧ ತಾಸು ನಿಂದರಸಬೇಕು. ಮಂದಿ ಬ್ಯಾರೆ ಗಾಡಿ ಕರೀತಾರ."

"ಒಮ್ಮೆಲೆ ಬಂದ್ ಮಾಡಬ್ಯಾಡ. ನೀರು ಅದಾವಲ್ಲ? ಭಾರ ಬಿಡಸಿ ಸಣ್ಣಗ ಓಡಲಿ. ಕ್ಯಾಪಿಗೆ ಕೈ ಹಚ್ಚಬ್ಯಾಡ."

ಆ ಹಂಗಾಮು ಅರ್ಧ ಕೈತಪ್ಪಿತು. ದೀಪಾವಳಿಯ ಹೊತ್ತಿಗೆ ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ದರ ಹೇಳಿ ಹೋಗಿದ್ದ. ಹೊಸ ಟ್ರ್ಯಾಕ್ಟರೆಂದರೆ ಸಾಲ, ಸಾಲವೆಂದರೆ ಎರಡು ಎಕರೆಯ ಕಾಗದ ಬ್ಯಾಂಕಿನಲ್ಲಿ. "ಬೇಸಿಗಿತನ ತಡಿ" ಎಂದೆ. ಮೇ ತಿಂಗಳು ಹತ್ತು ದಿನ ರಜೆ ಹಾಕಿ ಹೋದೆ. ಬ್ಯಾಗಿನಲ್ಲಿ ದೂರದಿಂದ ಉಷ್ಣತೆ ತೋರಿಸುವ ಗನ್ನು ಇತ್ತು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದಲ್ಲ, ಅದು ಜ್ವರದ ಮಟ್ಟಕ್ಕೇ ಸುಸ್ತಾಗುತ್ತದೆ, ಕಾರ್ಖಾನೆಯಲ್ಲಿ ಬಳಸುವಂಥದ್ದು. ಹೊಳೆಯುವ ಹಿತ್ತಾಳೆಗೆ ಹಿಡಿದರೆ ಇದೂ ಸುಳ್ಳು ಹೇಳುತ್ತದೆ, ಅದಕ್ಕೆ ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಟ್ಯಾಂಕಿಗೆ ಕರಿ ಟೇಪು ಅಂಟಿಸಿದೆ.

ಒಣ ಹೊಲದಲ್ಲಿ ನೇಗಿಲು ಇಳಿಸಿ ಅರ್ಧ ತಾಸು ಎಳೆಸಿದೆವು. ಹೊರಗೆ 42 ಡಿಗ್ರಿ. ಮೇಲಿನ ಟ್ಯಾಂಕು 98, ಕೆಳಗಿನದು 93. ಈ ಎರಡು ಅಂಕಿಗಳಲ್ಲೇ ಅರ್ಧ ಉತ್ತರವಿದೆ. ಪಂಪು ಸೋತಿದ್ದರೆ ಅಥವಾ ರೇಡಿಯೇಟರಿನ ಕೊಳವೆ ಒಳಗಿನಿಂದ ಕಟ್ಟಿದ್ದರೆ ನೀರು ನಿಧಾನವಾಗಿ ಇಳಿಯುತ್ತದೆ, ಕೆಳಗೆ ಬರುವಷ್ಟರಲ್ಲಿ ಬಹಳ ತಣ್ಣಗಾಗಿರುತ್ತದೆ, ಅಂತರ ದೊಡ್ಡದಾಗುತ್ತದೆ. ಇಲ್ಲಿ ಎರಡೂ ಬಿಸಿ, ಅಂತರ ಚಿಕ್ಕದು. ನೀರು ಓಡುತ್ತಿದೆ, ಗಾಳಿ ಶಾಖವನ್ನು ಒಯ್ಯುತ್ತಿಲ್ಲ. "ಹೊಸಾ ರೇಡಿಯೇಟರ್ ಹಾಕಸ್ರಿ" ಎಂದು ಹಿಂದೆ ಒಬ್ಬರು ಹೇಳಿ ದುಡ್ಡಿನ ಅಂದಾಜನ್ನೂ ಕೊಟ್ಟಿದ್ದರಂತೆ. ಹಾಕಿಸಿದ್ದರೆ ಒಂದು ತಿಂಗಳು ಚೆನ್ನಾಗಿ ಓಡಿ ಮತ್ತೆ ಕುದಿಯುತ್ತಿತ್ತು.

ಗಾಳಿ ಏಕೆ ಬರುತ್ತಿರಲಿಲ್ಲ? ಟ್ರ್ಯಾಕ್ಟರಿನ ಫ್ಯಾನು ಮುಂದಿನಿಂದ ಗಾಳಿ ಎಳೆಯುತ್ತದೆ, ಗಾಳಿಯ ಜೊತೆ ಹುಲ್ಲು, ಹೊಟ್ಟು, ಕೇಜ್‌ವೀಲ್ ಹಾರಿಸುವ ಕೆಸರು. ಮುಂದಿನಿಂದ ಪೈಪು ಹಿಡಿದು ತೊಳೆದರೆ ಕಸ ಇನ್ನೂ ಒಳಗೆ ಹೋಗುತ್ತದೆ. ಎಂಜಿನ್ನಿನ ಕಡೆಯಿಂದ ಹೊರಕ್ಕೆ ತೊಳೆಯಬೇಕು. ತೊಳೆದಾಗ ಅರ್ಧ ಬುಟ್ಟಿ ಕೆಸರು, ಭತ್ತದ ಹೊಟ್ಟು ಬಿತ್ತು, ಅದರಲ್ಲೊಂದು ಕಡಜದ ಗೂಡು. ಅದಕ್ಕಿಂತ ಮುಖ್ಯ, ಫ್ಯಾನಿನ ಸುತ್ತ ಇರಬೇಕಾದ ತಗಡಿನ ಕವಚವೇ ಇರಲಿಲ್ಲ. ಯಾವಾಗಲೋ ಬೆಲ್ಟು ಹಾಕುವಾಗ ತೆಗೆದಿಟ್ಟದ್ದು ಹಾಗೇ ಹೋಗಿದೆ. ಅಲಂಕಾರಕ್ಕಿಟ್ಟ ತಗಡಲ್ಲ ಅದು. ಅದಿಲ್ಲದಿದ್ದರೆ ಫ್ಯಾನು ರೇಡಿಯೇಟರಿನ ಮೂಲಕ ಎಳೆಯುವ ಬದಲು ಪಕ್ಕದ ಬಿಸಿ ಗಾಳಿಯನ್ನೇ ಸುತ್ತಿಸಿ ಸುತ್ತಿಸಿ ಕುಡಿಯುತ್ತದೆ. ಟ್ರಂಕು, ಪೆಟ್ಟಿಗೆ ಮಾಡುವವರ ಹತ್ತಿರ ಹೋಗಿ, ರೆಕ್ಕೆಯ ತುದಿಗೂ ತಗಡಿಗೂ ಒಂದು ಬೆರಳು ಸಂದು ಬಿಟ್ಟು ಹೊಸದು ಮಾಡಿಸಿದೆವು. ಅವರಿಗೆ ಅದು ಒಂದು ತಾಸಿನ ಕೆಲಸ.

ಉಳಿದ ಅರ್ಧ ಉತ್ತರ ಎಂಜಿನ್ನಿನೊಳಗಿತ್ತು. ಮೂರನೆಯ ಸಿಲಿಂಡರಿನ ಪಕ್ಕ ಗನ್ನು ಹಿಡಿದರೆ ಮೊದಲನೆಯದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಬಿಸಿ. ಪಂಪು ಮುಂದಿದೆ, ಹಿಂದಿನ ತುದಿಗೆ ನೀರಿನ ಓಟ ನಿಧಾನ, ಗಸಿ ನಿಲ್ಲುವುದು ಅಲ್ಲೇ. ಎಂಜಿನ್ ಆರಿದ ಮೇಲೆ ರೇಡಿಯೇಟರಿನ ನಲ್ಲಿ ಬಿಟ್ಟರೆ ನೀರು ಬಂತು. ಬ್ಲಾಕಿಗೂ ಒಂದು ನಲ್ಲಿ ಇರುತ್ತದೆ, ಅದು ಬಹಳ ಜನರಿಗೆ ಗೊತ್ತೇ ಇಲ್ಲ. ಅದನ್ನು ಬಿಚ್ಚಿದರೆ ಒಂದು ಹನಿಯೂ ಇಲ್ಲ. ತಂತಿ ಹಾಕಿ ಕೆದಕಿದಾಗ ಸುಣ್ಣ, ತುಕ್ಕು ಬೆರೆತ ಕಂದು ಹಿಟ್ಟು, ಮೊಸರಿನ ಹಾಗೆ.

ನಮ್ಮ ಕಡೆಯ ಬೋರಿನ ನೀರು ಎಂಥದೆಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವ ನೀರನ್ನೇ ಮೂವತ್ತು ವರ್ಷ ಎಂಜಿನ್ನಿಗೂ ಹಾಕಿದ್ದಾರೆ. ಆ ಹಕ್ಕಳೆಯೊಳಗೆ ಶಾಖ ಹರಿಯುವುದು ಎರಕದ ಕಬ್ಬಿಣದಲ್ಲಿ ಹರಿಯುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಕಡಿಮೆ. ಒಂದು ಮಿಲಿಮೀಟರ್ ಹಕ್ಕಳೆಯೆಂದರೆ ಸಿಲಿಂಡರಿನ ಗೋಡೆಗೆ ಎರಡು ಸೆಂಟಿಮೀಟರ್ ಕಬ್ಬಿಣದ ಕಂಬಳಿ ಹೊದಿಸಿದ ಹಾಗೆ. ಪ್ರತಿ ಸಲ ಕುದಿದು ಹೋದ ನೀರು ತನ್ನ ಸುಣ್ಣವನ್ನು ಒಳಗೇ ಬಿಟ್ಟು ಹೋಗುತ್ತದೆ. ಅದರ ಜಾಗಕ್ಕೆ ಮತ್ತೊಂದು ಕೊಡ, ಮತ್ತಷ್ಟು ಸುಣ್ಣ.

ನಿಂಬೆಉಪ್ಪು ಕಲಸಿದ ನೀರು ತುಂಬಿ, ಎಂಜಿನ್ ಬೆಚ್ಚಗೆ ಓಡಿಸಿ, ಹೊರಗೆ ಬಿಟ್ಟು, ಮತ್ತೆ ತುಂಬಿ, ಎರಡು ದಿನ ಇದೇ ಕೆಲಸ. ಆಮೇಲೆ ಸೋಡಾ ನೀರು, ಆಮೇಲೆ ಬರೀ ನೀರು. ಮೂರನೆಯ ದಿನ ರೇಡಿಯೇಟರ್ ಎರಡು ಕಡೆ ಸೋರತೊಡಗಿತು. ತಮ್ಮನ ಮುಖ ಬಾಡಿತು. ಇದು ನಾನು ಎದುರು ನೋಡಿದ್ದೇ: ಹಳೆಯ ತೂತುಗಳನ್ನು ಮುಚ್ಚಿದ್ದು ಅದೇ ಸುಣ್ಣ. ಬೆಸುಗೆಯ ಅಂಗಡಿಯವರು ಮೇಲಿನ ಟ್ಯಾಂಕು ಬಿಚ್ಚಿ, ಕೊಳವೆಗಳಲ್ಲಿ ಚಪ್ಪಟೆ ಕಡ್ಡಿ ಆಡಿಸಿ, ತೂತು ಮುಚ್ಚಿ ಕೊಟ್ಟರು. ಹಿತ್ತಾಳೆಯ ಹಳೆಯ ರೇಡಿಯೇಟರಿನ ದೊಡ್ಡ ಗುಣ ಇದು. ಈಗಿನ ಅಲ್ಯೂಮಿನಿಯಂ-ಪ್ಲಾಸ್ಟಿಕ್ಕಿನದು ಕೆಟ್ಟರೆ ಒಗೆಯುವುದೇ.

ಥರ್ಮೋಸ್ಟಾಟ್ ಇರುವ ಜಾಗ ಖಾಲಿ. ಮಿಸ್ತ್ರಿಯನ್ನು ಕೇಳಿದೆ. "ಆ ವಾಲು ನಾನ ತಗದ್ ಒಗದೇನ್ರೀ ಸಾಹೇಬ್ರ. ನಮ್ ಕಡಿ ಬಿಸಲಿಗೆ ಅದ್ಯಾಕ ಬೇಕು?" ಊರೂರಿನಲ್ಲೂ ಇದೇ ನಂಬಿಕೆ. ವಾಲು ತೆಗೆದರೆ ಮುಂಜಾನೆ, ಹಗುರ ಕೆಲಸದಲ್ಲಿ, ಟ್ರಾಲಿ ಎಳೆಯುವಾಗ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಡೀಸೆಲ್ ಪೂರ್ತಿ ಉರಿಯದೆ ಎಣ್ಣೆಗೆ ಇಳಿಯುತ್ತದೆ, ಲೈನರಿನ ಮೇಲೆ ಆಮ್ಲದ ಹನಿ ಕಟ್ಟಿ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಂತೂ ಆ ವಾಲೇ ಬೈಪಾಸ್ ದಾರಿಯನ್ನು ಮುಚ್ಚಬೇಕು. ಅದಿಲ್ಲದಿದ್ದರೆ ಬಿಸಿ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿ ಹಿಡಿದು ಇನ್ನೂ ಕುದಿಯುತ್ತದೆ. ಮಿಸ್ತ್ರಿಯ ಜೊತೆ ವಾದಿಸಲಿಲ್ಲ. ಹೊಸ ವಾಲನ್ನು ದಾರದಲ್ಲಿ ಕಟ್ಟಿ, ಒಲೆಯ ಮೇಲಿನ ಪಾತ್ರೆಯಲ್ಲಿ ಇಳಿಬಿಟ್ಟು, ಜೊತೆಗೆ ಥರ್ಮಾಮೀಟರ್ ಇಟ್ಟೆ. 82ಕ್ಕೆ ಅದು ಬಾಯಿ ಬಿಡುವುದನ್ನು ಮಿಸ್ತ್ರಿ ಮೂರು ಸಲ ಮಾಡಿಸಿ ನೋಡಿದ. ತಮ್ಮನ ಹೆಂಡತಿ, "ಭಾವಾರ, ಇದ್ಯಾವ ಅಡಗೀರೀ?" ಎಂದು ಪಾತ್ರೆ ಬೂದಿ ಹಚ್ಚಿ ತಿಕ್ಕಿದಳು.

ಪಂಪಿನ ಕೆಳಗೆ ಒಂದು ಸಣ್ಣ ತೂತಿರುತ್ತದೆ. ಒಳಗಿನ ಸೀಲು ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಅಲ್ಲಿಂದ ಹನಿಯಲಿ ಎಂದು ಬಿಟ್ಟದ್ದು. ಅದು ಹನಿಯಿತೆಂದರೆ ಸೀಲು ಬದಲಿಸು ಎಂದು ಹೇಳುತ್ತಿದೆ. ನಮ್ಮ ಗಾಡಿಯಲ್ಲಿ ಅದಕ್ಕೆ ಎಂ-ಸೀಲ್ ಮೆತ್ತಿತ್ತು. ಅದನ್ನು ಕೆರೆದು ತೆಗೆದು ಸೀಲು, ಬೇರಿಂಗ್ ಎರಡೂ ಹಾಕಿದೆವು.

ಕ್ಯಾಪಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಇದನ್ನು ಊರಿಗೆ ಫೋನು ಮಾಡಿದಾಗ ನೀವೂ ಹೇಳಿ. ನಮ್ಮೂರಲ್ಲಿ ಎರಡು ವರ್ಷದ ಹಿಂದೆ ಇಪ್ಪತ್ತರ ಹುಡುಗನೊಬ್ಬ ಕುದಿಯುವ ರೇಡಿಯೇಟರಿನ ಕ್ಯಾಪು ತಿರುಗಿಸಿ ಕುತ್ತಿಗೆಯಿಂದ ಎದೆಯವರೆಗೆ ಬೇಯಿಸಿಕೊಂಡ. ಒಳಗೆ ಹತ್ತು ಲೀಟರ್ ನೀರು 108 ಡಿಗ್ರಿಯಲ್ಲಿ ಒತ್ತಡದಲ್ಲಿ ಸುಮ್ಮನೆ ಕೂತಿರುತ್ತದೆ. ಕ್ಯಾಪು ತೆರೆದೊಡನೆ ಒತ್ತಡ ಹೋಗಿ, ಅದರಲ್ಲಿ ಬರೀ 150 ಗ್ರಾಂ ಹಬೆಯಾದರೂ ಆ ಹಬೆಗೆ 250 ಲೀಟರ್ ಜಾಗ ಬೇಕು. ಅದು ಉಳಿದ ಕುದಿನೀರನ್ನೂ ಹೊತ್ತುಕೊಂಡು ಮುಖಕ್ಕೇ ಬರುತ್ತದೆ. ಮೇಲಿನ ಹೋಸನ್ನು ಕೈಯಲ್ಲಿ ಹಿಚುಕಲು ಬರುವಷ್ಟು ಆರುವ ತನಕ ಕಾಯಬೇಕು, ಅರ್ಧ ತಾಸಾದರೂ. ಆ ಹುಡುಗನಿಗೆ ಮೊದಲು ಹಚ್ಚಿದ್ದು ಟೂತ್‌ಪೇಸ್ಟು. ಬೇಕಿದ್ದದ್ದು ಇಪ್ಪತ್ತು ನಿಮಿಷ ಹರಿಯುವ ತಣ್ಣೀರು, ಆಮೇಲೆ ಆಸ್ಪತ್ರೆ.

ಜುಲೈನಲ್ಲಿ ಕಾಲುವೆಗೆ ನೀರು ಬಂತು. ಗನ್ನು ತಮ್ಮನ ಹತ್ತಿರವೇ ಬಿಟ್ಟು ಬಂದಿದ್ದೆ. ಕೇಜ್‌ವೀಲ್ ಹಾಕಿ ಮಟಮಟ ಮಧ್ಯಾಹ್ನ ಕೆಸರು ತುಳಿಸುವಾಗ ಮೇಲೆ 86, ಕೆಳಗೆ 78 ಎಂದು ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ನಿಲ್ಲಿಸದೆ ಹತ್ತೊಂಬತ್ತು ದಿನ ಹೊಡೆದ. ಗುಜರಿಯವನಿಗೆ ಫೋನು ಮಾಡಿ ಬರಬೇಡ ಎಂದನಂತೆ.

ಈಗ ನೀರಿನದೇ ಜಗಳ. ಬೋರಿನ ನೀರು ಬೇಡವೆಂದು ಅವನು ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ತರುತ್ತಾನೆ, ಒಂದು ಕ್ಯಾನಿನಲ್ಲಿ ಎರಡು ಸಲ ತುಂಬುತ್ತದೆ. ಬರೀ ಆ ನೀರು ಹಾಕಿದರೆ ಲೋಹವನ್ನೇ ತಿನ್ನುತ್ತದೆ, ತುಕ್ಕು ತಡೆಯುವ ಕೂಲಂಟ್ ಬೆರೆಸಲೇಬೇಕು. ಆ ಕೂಲಂಟ್ ಸಿಹಿಯಾದ ವಿಷ, ದನ, ನಾಯಿ ನೆಕ್ಕದಂತೆ ಇಡಬೇಕು ಎಂದೂ ಹೇಳಿದ್ದೇನೆ. ಘಟಕದ ಮುಂದೆ ಸರದಿಯಲ್ಲಿ ನಿಂತವರು, "ಮಂದಿಗೆ ಕುಡಿಯಾಕಿಲ್ಲ, ಇವ ಟ್ರ್ಯಾಕ್ಟರಿಗೆ ಫಿಲ್ಟರ್ ನೀರು ಕುಡಸ್ತಾನ" ಎಂದು ಆಡಿಕೊಂಡರಂತೆ. ಹಾಗಾಗಿ ಈ ಮಳೆಗಾಲ ಮಾಳಿಗೆಯ ನೀರು ಹಿಡಿಯಲು ಒಂದು ಡ್ರಮ್ಮು ಇಟ್ಟಿದ್ದಾನೆ. ಬೇಳೆ ಚೆನ್ನಾಗಿ ಬೇಯುತ್ತದೆಂದು ಅವನ ಹೆಂಡತಿ ಅದರಲ್ಲಿ ಅರ್ಧ ಅಡುಗೆಗೆ ಒಯ್ಯುತ್ತಾಳೆ. ಮಿಸ್ತ್ರಿ ಮೊನ್ನೆ ಫೋನು ಮಾಡಿ, ದಸರೆಗೆ ಬರುವಾಗ ನಾಲ್ಕು ವಾಲು, 7 ಪೌಂಡಿನ ಎರಡು ಕ್ಯಾಪು ತರಲು ಹೇಳಿದ್ದಾನೆ.